ಯಾರು ಹೇಳಿದರು ಎಂದು ಕೇಳುತ್ತಿದ್ದ ಮಾಸ್ತರರು

ಹೋದ ತಿಂಗಳು ಬೀದರದ ನಮ್ಮ ಓಣಿಗೆ ಗಣತಿ ಬರೆಯುವ ಟೀಚರ್ ಬಂದದ್ದು ನಿಮಗಿಬ್ಬರಿಗೂ ನೆನಪಿದೆ. ಚಿಕ್ಕ ವಯಸ್ಸಿನ ಹುಡುಗಿ. ಕೈಯಲ್ಲಿ ಹಾಳೆಯೂ ಇರಲಿಲ್ಲ, ಪೆನ್ನೂ ಇರಲಿಲ್ಲ, ಒಂದು ಮೊಬೈಲ್ ಇತ್ತು. ನಿಮ್ಮ ಅವ್ವ, ಅಪ್ಪ ಕೆಲಸಕ್ಕೆ ಹೋಗಿದ್ದರು. ನಾನು ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಆಕೆ ನನ್ನ ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು, ಅಂದಾಜಿನ ಮೇಲೆ ಹೇಳಿದೆ. ಆಮೇಲೆ ಯಜಮಾನರ ಹೆಸರು ಹೇಳಿರೆಂದಳು. ನಾನು ಸೊಪ್ಪು ನೋಡುತ್ತ ಕುಳಿತುಬಿಟ್ಟೆ.

"ತೀರ್ಕೊಂಡಾರೇನ್ರಿ ಆಯಿ?"

"ಹೌದವ್ವ."

"ಆದ್ರೂ ಹೆಸರ ಬೇಕಾಗ್ತದರಿ. ಲಗೂ ಹೇಳ್ರಿ, ನೆಟ್‌ವರ್ಕ್ ಹೋಗ್ಲತದ."

ದೊಡ್ಡವಳು ನೀನು ಒಳಗಿನಿಂದ ಬಂದು ಮುತ್ಯಾನ ಹೆಸರು ಹೇಳಿದೆ. "ನಮ್ಮ ಆಯಿ ಮುತ್ಯಾನ ಹೆಸರ ಹೇಳಂಗಿಲ್ರಿ ಮಿಸ್" ಎಂದು ನಕ್ಕೆ. ಟೀಚರೂ ನಕ್ಕಳು. ಆಕೆ ಹೋದ ಮೇಲೆ ಸಣ್ಣವಳು ನೀನು ನನ್ನ ಪಕ್ಕ ಕುಳಿತು ಕೇಳಿದೆ, "ಆಯಿ, ಮುತ್ಯಾನ ಅಪ್ಪನ ಹೆಸರೇನು? ಅವರಪ್ಪಂದು?" ಮೊದಲನೆಯ ಹೆಸರು ನನ್ನ ಮಾವನದು, ಅದನ್ನೂ ನಾನು ಬಾಯಿಂದ ಹೇಳುವವಳಲ್ಲ. ಎರಡನೆಯದು ಯಾರಿಗೂ ಗೊತ್ತಿಲ್ಲ.

ಆ ಎರಡನೆಯ ಹೆಸರನ್ನು ಕೊನೆಯವರೆಗೂ ಹುಡುಕಿದವರು ಒಬ್ಬರಿದ್ದರು. ನಮ್ಮ ರಕ್ತದವರಲ್ಲ. ಅವರು ಇರದಿದ್ದರೆ ನಿಮ್ಮ ಅವ್ವ ಅಪ್ಪನ ಮದುವೆ ಆಗುತ್ತಿರಲಿಲ್ಲ, ನೀವೂ ಇರುತ್ತಿರಲಿಲ್ಲ. ಅವರ ಬಗ್ಗೆ ನಿಮಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾಲ್ಕು ಜನರಿದ್ದರೆ ನನ್ನ ನಾಲಿಗೆ ಏಳುವುದಿಲ್ಲ, ಅದು ನಿಮಗೆ ಗೊತ್ತು. ಖಟಕ ಚಿಂಚೋಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಭಾಲ್ಕಿಯಲ್ಲಿ ಎಲ್ಲರೂ ಅವರನ್ನು ಮಾಸ್ತರರು ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದರೆ ಒಂದು ದಿನ ಭಾಲ್ಕಿಗೆ ಹೋಗಿ ನಮ್ಮ ಚರ್ಚಿನ ಹಳೆಯ ರಿಜಿಸ್ಟರು ತೆಗೆಸಿ ನೋಡಿರಿ. ಪ್ರತಿ ಹಾಳೆಯ ಕೆಳಗೆ ಅವರ ಸಹಿ ಇದೆ. ಹೇಳಿಸಿಕೊಂಡದ್ದು ಮರೆತುಹೋಗುತ್ತದೆ, ಹೋಗಿ ನೋಡಿದ್ದು ಉಳಿಯುತ್ತದೆ ಎನ್ನುವುದು ಅವರದೇ ಮಾತು.

ಕಡ್ಡಿಯಂಥ ಮೈ. ಬಿಳಿ ಪೈಜಾಮ, ಬಿಳಿ ಅಂಗಿ. ಕನ್ನಡಕಕ್ಕೆ ಒಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಎಡಗಿವಿ ಮಂದ, ಆದ್ದರಿಂದ ಯಾರು ಮಾತನಾಡಿದರೂ ಮುಖ ಹೊರಳಿಸಿ ಬಲಗಿವಿ ಕೊಡುತ್ತಿದ್ದರು. ಹೊಸಬರಿಗೆ ಈ ಮನುಷ್ಯ ನಮ್ಮನ್ನು ನಂಬುತ್ತಿಲ್ಲ ಎನಿಸುತ್ತಿತ್ತು. ಅದು ಅರ್ಧ ನಿಜವೇ. ಹಗಲು ಸರಕಾರಿ ಸಾಲೆ, ಸಂಜೆ ಚರ್ಚಿನ ಪುಸ್ತಕ. ದೀಕ್ಷಾಸ್ನಾನ, ಮದುವೆ, ಮಣ್ಣು, ಮೂರಕ್ಕೂ ಮೂರು ರಿಜಿಸ್ಟರು. ಅವನ್ನು ತೀರಿಹೋದ ಹೆಂಡತಿಯ ಒಂದು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು. ಹಾಳೆಗಳ ನಡುವೆ ಒಣಗಿದ ಬೇವಿನ ಎಲೆ. ಯಾರಾದರೂ ರಿಜಿಸ್ಟರು ತೆರೆದರೆ ಎಲೆಗಳ ಪುಡಿ ತೊಡೆಯ ಮೇಲೆ ಉದುರುತ್ತಿತ್ತು. ಅದನ್ನು ಒಂದು ಕೈಯಿಂದ ಗುಡಿಸಿಕೊಂಡು ಮತ್ತೆ ಹಾಳೆಯೊಳಗೇ ಹಾಕುತ್ತಿದ್ದರು.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಬಂದಾಗ ಸರಕಾರ ಆ ಕೆಲಸವನ್ನೂ ಅವರ ಹೆಗಲಿಗೆ ಹಾಕುತ್ತಿತ್ತು. ನಾನು ಅವರನ್ನು ಮೊದಲು ನೋಡಿದ್ದು ಹಾಗೆಯೇ. ನಾನು ಮದುವೆಯಾಗಿ ಭಾಲ್ಕಿಗೆ ಬಂದು ಸ್ವಲ್ಪ ದಿನವಾಗಿತ್ತು. ನಿಮ್ಮ ಮುತ್ಯಾ ದವಾಖಾನೆಯಲ್ಲಿ ಕಂಪೌಂಡರ್. ಮನೆಯಲ್ಲಿ ನಾನೊಬ್ಬಳೇ. ಮಾಸ್ತರರು ಹೊರಗಿನ ಕಟ್ಟೆಯ ಮೇಲೆ ಕುಳಿತು ದೊಡ್ಡ ಹಾಳೆ ಬಿಡಿಸಿದರು. ನಾನು ಬಾಗಿಲ ಹಿಂದೆ ನಿಂತೆ.

"ಯಜಮಾನರ ಹೆಸರ ಹೇಳ್ರೆವ್ವ."

ನಾನು ಸುಮ್ಮನಿದ್ದೆ. ಅವರು ಹಾಳೆಯಿಂದ ತಲೆ ಎತ್ತದೆ ಅಂದರು, "ಈ ಓಣ್ಯಾಗ ಹನ್ನೊಂದ ಮನಿ ಮುಗಸೀನಿ. ಒಬ್ಬಾಕಿ ನನ್ನ ಗಂಡನ ಹೆಸರ ಬಾಜಾರದ ದಿನ ಅಂದ್ಲು. ನಿಮ್ಮೂರ ಬಾಜಾರ ಯಾವಾಗವ್ವ ಅಂದೆ, ಸೋಮವಾರ ಅಂದ್ಲು. ಸೋಮಪ್ಪ ಅಂತ ಬರಕೊಂಡೆ. ನಿಮ್ಮದು ಯಾವ ವಾರದಾಗ ಬರ್ತದ?"

ಬಾಗಿಲ ಹಿಂದೆ ನನಗೆ ನಗು ಬಂತು. ಒಳಗೆ ಹೋಗಿ ನಿಮ್ಮ ಮುತ್ಯಾನ ಬೈಬಲ್ ತಂದೆ. ಮೊದಲ ಹಾಳೆಯಲ್ಲಿ ಅವರ ಹೆಸರಿತ್ತು. ಬಾಗಿಲ ಸಂದಿಯಿಂದ ಕೈ ಮಾತ್ರ ಹೊರಗೆ ಮಾಡಿ ಕೊಟ್ಟೆ. ಮಾಸ್ತರರು ನೋಡಿಕೊಂಡು ಬರೆದು, ಬೈಬಲನ್ನು ಎರಡೂ ಕೈಯಿಂದ ವಾಪಸು ಕೊಟ್ಟರು. "ಹಿಂಗ ಮಾಡಿದ್ದ ಚಲೋ ಆತು ನೋಡ್ರಿ. ನೀವು ಹೇಳಲಿಲ್ಲಂತ ಬಾಜೂ ಮನಿಯವರನ್ನ ಕೇಳಿದ್ರ ಅವರು ಯಾರ ಹೆಸರ ಹೇಳ್ತಿದ್ರೋ."

ಆಗ ಅದು ತಮಾಷೆಯ ಮಾತು ಎಂದುಕೊಂಡಿದ್ದೆ.

ಗಣತಿ ಮುಗಿದ ಮೇಲೆ ಓಣಿಯ ಹೆಂಗಸರಿಗೆಲ್ಲ ಒಂದೇ ಕುತೂಹಲ. ಯಾರು ತಮ್ಮ ವಯಸ್ಸು ಎಷ್ಟು ಬರೆಸಿದರು, ಯಾರು ಯಾವ ಜಾತಿ ಬರೆಸಿದರು. ನಮ್ಮಲ್ಲಿ ಭಾನುವಾರ ಚರ್ಚಿಗೆ ಬಂದು, ಸರಕಾರದ ಕಾಗದದಲ್ಲಿ ಹಳೆಯ ಜಾತಿಯನ್ನೇ ಬರೆಸುವ ಮನೆಗಳು ಇದ್ದವು. ಮಕ್ಕಳ ಸಾಲೆ, ನೌಕರಿ, ಏನೇನೋ ಕಾರಣ. ಒಬ್ಬ ಹಿರಿಯರು ಚರ್ಚಿನ ಅಂಗಳದಲ್ಲಿ ಎಲ್ಲರೆದುರು ಮಾಸ್ತರರನ್ನು ಹಿಡಿದುಕೊಂಡರು. "ಇಲ್ಲಿ ನೀರ ಹಾಕಿಸಿಕೊಂಡವರು ಅಲ್ಲಿ ಏನ ಬರಸ್ಯಾರ, ನಿಮಗ ಗೊತ್ತದಲ್ಲ, ಹೇಳ್ರಿ" ಎಂದರು. ಮಾಸ್ತರರು ಮುಖ ಹೊರಳಿಸಿ ಎಡಗಿವಿ ಕೊಟ್ಟರು. ಹಿರಿಯರು ಮತ್ತೊಮ್ಮೆ ಕೂಗಿ ಕೇಳಿದಾಗ ಅಂದರು, "ಕೇಳೋದು ನನ್ನ ಕೆಲಸರಿ, ಹೇಳೋದು ಅವರ ಕೆಲಸ. ಬರದದ್ದು ಸರಕಾರದ ಹೊಟ್ಟ್ಯಾಗ ಅದ, ನನ್ನ ಹೊಟ್ಟ್ಯಾಗ ಇಲ್ಲ." ಅಷ್ಟು ಹೇಳಿ ಹಾಡಿನ ಪುಸ್ತಕಗಳನ್ನು ಜೋಡಿಸಲು ಹೋದರು.

ಎಲ್ಲರಿಗೂ ಅವರು ಇಷ್ಟವಾಗುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಯಾರಾದರೂ ತಮ್ಮ ಮುತ್ಯಾ ನೂರಾ ಐದು ವರ್ಷ ಬದುಕಿದ್ದ ಎಂದರೆ, ಮಣ್ಣಿನ ರಿಜಿಸ್ಟರು ನೋಡಿ ಬಂದು ಮರುವಾರ "ಎಪ್ಪತ್ತೆಂಟರಿ" ಎನ್ನುತ್ತಿದ್ದರು. ಊಟದ ಪಂಕ್ತಿಯಲ್ಲಿ ಎನ್ನುತ್ತಿದ್ದರು. ಜನ ಮುಖ ಗಂಟು ಹಾಕಿಕೊಂಡರೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರದೇ ವಯಸ್ಸು ಕೇಳಿದರೆ ಮಾತ್ರ ನಗುತ್ತಿದ್ದರು. "ನಮ್ಮ ಕಾಲದಾಗ ಸಾಲಿಗಿ ಹೋದವರು ಎಲ್ಲಾರೂ ಜೂನ ಒಂದನೇ ತಾರೀಖಿಗೇ ಹುಟ್ಯಾರರಿ. ಹೆಡಮಾಸ್ತರ ಹಡದದ್ದು ನಮಗ."

ಅವರ ಇನ್ನೊಂದು ಮಾತು ಇತ್ತು, ಅದೇ ನಮ್ಮ ಮನೆಯನ್ನು ಉಳಿಸಿದ್ದು. "ಕಾಗದ ಸುಳ್ಳ ಹೇಳಂಗಿಲ್ಲ, ಖರೇನೂ ಹೇಳಂಗಿಲ್ಲ. ತಾನು ಕೇಳಿದ್ದ ಹೇಳ್ತದ. ಅದಕ್ಕ ಯಾರು ಹೇಳ್ಯಾರ, ಅದನ್ನ ನೋಡಬೇಕು."

ನಿಮ್ಮ ಮುತ್ಯಾ ತೀರಿಕೊಂಡು ನಾಲ್ಕು ವರ್ಷವಾದಾಗ ನಿಮ್ಮ ಅವ್ವನಿಗೆ ಔರಾದ ಕಡೆಯಿಂದ ಸಂಬಂಧ ಬಂತು. ಹುಡುಗ ಬೀದರದಲ್ಲಿ ನೌಕರಿ, ಮನೆತನ ಎಕಂಬಾದ್ದು. ನಿಮ್ಮ ಅಪ್ಪನೇ. ಎರಡು ಸಲ ಬಂದು ನೋಡಿದರು, ಮಾತನಾಡಿದರು. ನಿಮ್ಮ ಅವ್ವ ಸುನೀತಾ ಏನೂ ಹೇಳಲಿಲ್ಲ. ಆದರೆ ಅವರು ಬಂದುಹೋದ ದಿನ ಆಕೆ ರೊಟ್ಟಿ ಬಡಿಯುತ್ತ ಹಾಡುವುದನ್ನು ನಾನು ಕೇಳಿದೆ. ಅಪ್ಪ ಸತ್ತ ಮೇಲೆ ಆಕೆ ಹಾಡಿದ್ದು ಅದೇ ಮೊದಲು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದುತ್ತಾರೆ. ತಕರಾರು ಇದ್ದವರು ಹೇಳಬೇಕು. ಮೊದಲ ಭಾನುವಾರ ಓದಿದಾಗ ಹುಡುಗನ ಕಡೆಯವರು ಭಾಲ್ಕಿಗೆ ಬಂದಿದ್ದರು. ಅವರ ಜೊತೆ ಹುಡುಗನ ಮುತ್ಯಾನ ತಂಗಿ, ಎಕಂಬಾದ ಮುದುಕಿ. ಹಲ್ಲು ಬಿದ್ದಿದ್ದರೂ ಮಾತು ಗಟ್ಟಿ. ಮನೆಗೆ ಬಂದು ಚಹಾ ಕುಡಿಯುವಾಗ ನನ್ನನ್ನು ಕೇಳಿದಳು, "ನೀವೂ ಮೂಲ ಎಕಂಬಾದವರಂತಲ್ಲ. ನಿನ್ನ ಮಾವನ ಹೆಸರೇನವ್ವ? ಅವನ ಅಪ್ಪ ಯಾರು?"

ಮಾವನ ಹೆಸರು ನಾನು ಹೇಳುವಂತಿಲ್ಲ. ಸುನೀತಾಳೇ ಹೇಳಿದಳು, "ನಮ್ಮ ಮುತ್ಯಾ ಯಾಕೋಬರಿ. ಅವರಪ್ಪ ಸಂಗಪ್ಪ."

ಮುದುಕಿ ಚಹಾದ ಬಸಿಯನ್ನು ನೆಲಕ್ಕಿಟ್ಟಳು. "ಸಂಗಪ್ಪ ಅಂದ್ರ ನಮ್ಮಪ್ಪ" ಎಂದಳು. "ನಮ್ಮಪ್ಪಗ ಇನ್ನೊಬ್ಬಾಕಿ ಹೆಂಡತಿ ಇದ್ಲು, ಜಗಳಾಡಿ ಕೂಸ ಕಟ್ಟಿಕೊಂಡು ಭಾಲ್ಕಿಗಿ ಹೋದ್ಲು ಅಂತ ಮಂದಿ ಅನ್ನೋದು ಕೇಳೀನಿ. ನಮ್ಮವ್ವ ಆ ಮಾತ ತಗೀತಿದ್ದಿಲ್ಲ. ನಾ ಹುಟ್ಟಿದ್ದಿಲ್ಲ ಆಗ. ಆ ಕೂಸು ನಿಮ್ಮ ಮಾವ ಏನು ಹಂಗಾದ್ರ?"

ಯಾರೂ ಚಹಾ ಮುಗಿಸಲಿಲ್ಲ. ಹುಡುಗನ ಮುತ್ಯಾ ಯೋಹಾನ ಸಂಗಪ್ಪನ ಮಗ. ನನ್ನ ಮಾವನೂ ಸಂಗಪ್ಪನ ಮಗನಾದರೆ ಅವರಿಬ್ಬರು ಅಣ್ಣತಮ್ಮಂದಿರು. ಅಣ್ಣತಮ್ಮಂದಿರ ಮೊಮ್ಮಕ್ಕಳು ಅಣ್ಣ ತಂಗಿ ಆಗುತ್ತಾರೆ. ಅಂಥ ಮದುವೆ ನಮ್ಮಲ್ಲಿ ಯಾರೂ ಮಾಡುವುದಿಲ್ಲ, ಯಾವ ಪಾದ್ರಿಯೂ ಮಾಡಿಸುವುದಿಲ್ಲ.

ನನ್ನ ಮಾವನನ್ನು ಕೇಳೋಣವೆಂದರೆ ಅವರು ಎಂದೋ ಹೋಗಿದ್ದರು. ಅವರಿಗೂ ಏನು ಗೊತ್ತಿತ್ತು? ಅವರ ತಾಯಿ ತಿಪ್ಪವ್ವ ಭಾಲ್ಕಿಯಲ್ಲಿ ಕೂಲಿ ಮಾಡಿಕೊಂಡಿದ್ದು, ಮಗ ಐದಾರು ವರ್ಷದವನಿದ್ದಾಗಲೇ ಸತ್ತಳಂತೆ. ಮಗ ಚರ್ಚಿನ ಹಾಸ್ಟೆಲಿನಲ್ಲಿ ಬೆಳೆದ. ಹಾಸ್ಟೆಲಿನಲ್ಲಿ ಬೆಳೆದ ಹುಡುಗನಿಗೆ ದೀಕ್ಷಾಸ್ನಾನದ ಚೀಟಿಯೇ ತಂದೆ, ಚೀಟಿಯೇ ಊರು. ಚೀಟಿಯಲ್ಲಿ ಸಂಗಪ್ಪ, ಎಕಂಬಾ ಎಂದಿತ್ತು.

ಪಾದ್ರಿಯವರು ಎರಡನೆಯ ಭಾನುವಾರದ ಓದು ನಿಲ್ಲಿಸಿದರು. ಸುನೀತಾ ರೊಟ್ಟಿ ಬಡಿಯುವಾಗ ಮತ್ತೆ ಬರೀ ರೊಟ್ಟಿಯ ಸದ್ದು. ನಾನು ಧೈರ್ಯ ಮಾಡಿ ಮಾಸ್ತರರ ಮನೆಗೆ ಹೋದೆ. ಹೊಸ್ತಿಲಲ್ಲಿ ನಿಂತು ಹೇಗೋ ಹೇಳಿದೆ. ಅವರು ಬಲಗಿವಿ ಕೊಟ್ಟು ಕೇಳಿಸಿಕೊಂಡರು.

"ಸಂಗಪ್ಪ ಅಂತ ಯಾರು ಹೇಳಿದ್ರು?" ಎಂದರು.

"ಚೀಟಿಯಾಗ ಅದರಿ."

"ಚೀಟಿಗಿ ಯಾರು ಹೇಳಿದ್ರು?"

ಮರುದಿನ ಅವರು ನನ್ನನ್ನೂ ಸುನೀತಾಳನ್ನೂ ಬೀದರಕ್ಕೆ ಕರೆದುಕೊಂಡು ಹೋದರು. ಆ ಕಾಲದ ಭಾಲ್ಕಿ, ಔರಾದ ಹಳ್ಳಿಗಳ ಹೆಸರುಗಳೆಲ್ಲ ಬೀದರದ ಚರ್ಚಿನ ದೊಡ್ಡ ರಿಜಿಸ್ಟರಿನಲ್ಲಿದ್ದವು. ಇಬ್ಬರು ಹೊತ್ತು ತರಬೇಕು, ಅಷ್ಟು ದೊಡ್ಡದು. ಮಾಸ್ತರರು ಬೆರಳಿಗೆ ಎಂಜಲು ಹಚ್ಚದೆ, ಒಂದು ರಟ್ಟಿನ ತುಂಡಿನಿಂದ ಹಾಳೆ ತಿರುವಿದರು. ಒಂದು ತಾಸಿನ ಮೇಲೆ ಒಂದು ಹಾಳೆಯಲ್ಲಿ ನಿಂತರು.

ಒಂದೇ ಹಾಳೆ, ಒಂದೇ ದಿನ, ಒಂದೇ ಕೈಬರಹ. ಯೋಹಾನ, ಮೂರು ತಿಂಗಳ ಕೂಸು, ತಂದೆ ಸಂಗಪ್ಪ, ತಾಯಿ ನಾಗಮ್ಮ, ಎಕಂಬಾ. ಅದರ ಕೆಳಗಿನ ಸಾಲು: ಯಾಕೋಬ, ಎರಡು ತಿಂಗಳ ಕೂಸು, ತಂದೆ ಸಂಗಪ್ಪ, ತಾಯಿ ತಿಪ್ಪವ್ವ, ಎಕಂಬಾ.

ಸುನೀತಾ ಎದ್ದು ಹೊರಗೆ ಹೋದಳು. ಮುದುಕಿ ಹೇಳಿದ್ದೇ ಇಲ್ಲಿಯೂ ಇತ್ತು. ಒಬ್ಬ ಗಂಡ, ಇಬ್ಬರು ಹೆಂಡಿರು.

ಮಾಸ್ತರರ ಕಣ್ಣು ಮಾತ್ರ ಆ ಎರಡು ಸಾಲುಗಳನ್ನು ಬಿಟ್ಟು ಕದಲಿರಲಿಲ್ಲ. ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ನಿಮ್ಮ ಮಾವ ಎಷ್ಟನೇ ಕೂಸು?"

"ಒಬ್ಬರೇರಿ."

"ಅಂದ್ರ ತಿಪ್ಪವ್ವಗ ಚೊಚ್ಚಲ. ಎರಡ ತಿಂಗಳ ಬಾಣಂತಿ. ನಾ ಗಂಡಸು, ನನಗೇನ ತಿಳೀತದ, ನೀವ ಹೇಳ್ರಿ. ಚೊಚ್ಚಲ ಬಾಣಂತಿ ಎರಡ ತಿಂಗಳಿಗಿ ಎಲ್ಲಿರ್ತಾಳ?"

"ತವರಮನ್ಯಾಗ" ಎಂದೆ. ಹೇಳಿದ ಮೇಲೆ ಆ ಮಾತಿನ ಅರ್ಥ ನನಗೇ ನಿಧಾನವಾಗಿ ತಿಳಿಯಿತು.

"ಹೂಂ. ತವರಮನ್ಯಾಗ ಬಾಣಂತಿ ಜೋಡಿ ಬಂದ ನಿಂತ ಗಂಡಸು ಯಾರ ಇರಬೇಕು? ಪಾದ್ರಿ ಹೊರಗಿನವ, ಊರ ಗೊತ್ತಿಲ್ಲ, ಮಾತ ಸುಮಾರು. ತಂದಿ ಹೆಸರೇನು ಅಂತ ಕೇಳ್ಯಾನ. ಆಕಿ ಹೇಳ್ಯಾಳೇನು? ನೀವು ಹೇಳಿದ್ದಿರೇನು ನನಗ?"

ನಾನು ಬಾಗಿಲ ಹಿಂದೆ ನಿಂತದ್ದು ಅವರಿಗೆ ಮರೆತಿರಲಿಲ್ಲ. ಗಂಡನ ಹೆಸರು ಕೇಳಿದಾಗ ನಮ್ಮ ಹೆಂಗಸರು ಏನು ಮಾಡುತ್ತಾರೆ? ಪಕ್ಕದಲ್ಲಿ ನಿಂತ ಅಣ್ಣನ ಮುಖ ನೋಡುತ್ತಾರೆ, ನೀನೇ ಹೇಳು ಎಂದು. ಆ ಅಣ್ಣನೇ ಸಂಗಪ್ಪ, ಮುಂದೆ ಬಂದಿರಬೇಕು. ಆಗತಾನೇ ತನ್ನ ಮಗನಿಗೆ ಹೆಸರು ಕೊಟ್ಟವನು. ಪಾದ್ರಿ ಮೇಲಿನ ಸಾಲಿನ ಹೆಸರನ್ನೇ ಕೆಳಗೂ ಇಳಿಸಿರಬೇಕು.

"ಆದ್ರ ಇದು ನನ್ನ ಊಹಾ" ಎಂದು ಮಾಸ್ತರರು ರಿಜಿಸ್ಟರು ಮುಚ್ಚಿದರು. "ಊಹಾದ ಮ್ಯಾಲ ಲಗ್ನ ಮಾಡಾಕ ಬರಂಗಿಲ್ಲ. ಇನ್ನೊಂದು ಕಾಗದ ಬೇಕು. ಅದು ಬ್ಯಾರೆಯವರ ಬಾಯಿಂದ ಕೇಳಿದ್ದು ಇರಬೇಕು."

ಮೂರನೆಯ ದಿನ ಔರಾದ ಬಸ್ಸು ಹತ್ತಿದೆವು. ದಾರಿಯಲ್ಲಿ ಅವರು ನನಗೆ ವಿವರಿಸಿದರು. ಈಗಿನ ಗಣತಿಯಲ್ಲಿ ಸರಕಾರ ತಲೆ ಎಣಿಸುತ್ತದೆ, ಹೆಸರು ಹೊರಗೆ ಕೊಡುವುದಿಲ್ಲ, ಕೊಡಲೂಬಾರದು. ನಿಜಾಮರ ಕಾಲದ ಮರ್ದುಮ್‌ಶುಮಾರಿಯನ್ನು, ಅಂದರೆ ಜನಗಣತಿಯನ್ನು, ಹಳ್ಳಿಯ ಲೆಕ್ಕ ಇಡುವ ಪಟವಾರಿ ಬರೆಯುತ್ತಿದ್ದ. ಮೊದಲು ಮನೆಮನೆಯ ಹೆಸರು ಪಟ್ಟಿ ಮಾಡಿದ ಕಚ್ಚಾ ಯಾದಿ, ಆಮೇಲೆ ಸರಕಾರದ ಹಾಳೆ. ಸರಕಾರದ ಹಾಳೆ ಹೋಗಿಬಿಡುತ್ತಿತ್ತು. ಕಚ್ಚಾ ಯಾದಿ ಕೆಲವು ಪಟವಾರಿಗಳ ಮನೆಯಲ್ಲೇ ಉಳಿಯುತ್ತಿತ್ತು.

"ನೋಡಬಹುದೇನ್ರಿ ಅದನ್ನ?" ಎಂದೆ. ಅವರು ಚರ್ಚಿನ ಅಂಗಳದಲ್ಲಿ ಎಡಗಿವಿ ಕೊಟ್ಟದ್ದು ನೆನಪಿತ್ತು.

"ನಾನೂ ಎರಡ ರಾತ್ರಿ ಇದನ್ನ ವಿಚಾರ ಮಾಡೀನಿ. ಇದ್ದವರ ಹಾಳಿ ನೋಡಬಾರದು. ಸತ್ತವರದ್ದು ನೋಡಬಹುದು, ಅವರ ಮರ್ಯಾದಿ ತಗೀಲಾಕ ಅಲ್ಲ, ಉಳಸಾಕ ಇದ್ರ."

ಸ್ವಲ್ಪ ದೂರ ಹೋದ ಮೇಲೆ, ಕೇಳದೆಯೇ, ತಮ್ಮ ತಂದೆಯ ಹೆಸರು, ತಾಯಿಯ ಹೆಸರು, ಅವರ ಊರು ಹೇಳಿದರು. "ನನಗ ಮಕ್ಕಳಿಲ್ಲ. ಯಾರರ ಒಬ್ಬರಿಗಿ ಹೇಳಿಡಬೇಕಲ್ಲ" ಎಂದು ಕಿಟಕಿಯ ಕಡೆ ತಿರುಗಿದರು. ಹೊರಗೆ ತೊಗರಿ ಹೊಲ ಹೂ ಬಿಟ್ಟಿತ್ತು.

ಎಕಂಬಾದ ಪಟವಾರಿಯ ಮೊಮ್ಮಗ ಆಗಲೇ ಮುದುಕ. ಸಜ್ಜನ ಮನುಷ್ಯ. ನಮಗೆ ಅಂಗಳದಲ್ಲಿ ಚಾಪೆ ಹಾಸಿಕೊಟ್ಟ, ಒಳಗೆ ಕರೆಯಲಿಲ್ಲ. ಮಾಸ್ತರರೂ ಅದಕ್ಕೆ ಕಾಯಲಿಲ್ಲ. ಆತ ಮಾಳಿಗೆಯಿಂದ ಕೆಂಪು ಬಟ್ಟೆಯ ಮೂರು ಗಂಟು ಇಳಿಸಿ, "ನಮಗ ಉರ್ದು ಬರಂಗಿಲ್ರಿ. ಗೆದ್ದಲ ಹತ್ಯದ, ಒಗೀಬೇಕಂತ ಮಾಡಿದ್ವಿ" ಎಂದ.

ಮಾಸ್ತರರು ಸಾಲೆ ಕಲಿತದ್ದು ಉರ್ದುವಿನಲ್ಲಿ. ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಓದಿದರು. ಮೊದಲು ಗೌಡರ ಮನೆ, ಆಮೇಲೆ ಊರೊಳಗಿನ ಓಣಿಗಳು. ನಮ್ಮವರ ಕೇರಿ ಊರ ಹೊರಗಿತ್ತು, ಯಾದಿಯಲ್ಲಿಯೂ ಕೊನೆಯ ಹಾಳೆಗಳಲ್ಲಿತ್ತು. ಗೆದ್ದಲು ತಿಂದದ್ದು ಅದೇ ಕಡೆಯಿಂದ. ಒಂದು ಹಾಳೆಯ ಅರ್ಧ ಪುಡಿಯಾಗಿ ಅವರ ಕೈಯಲ್ಲೇ ಉದುರಿತು. ಸುನೀತಾ ನನ್ನ ಸೆರಗು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಮಾಸ್ತರರು ಉಸಿರು ಬಿಡದೆ ಮುಂದಿನ ಹಾಳೆ ಎತ್ತಿದರು.

"ಸಂಗಪ್ಪ" ಎಂದು ಓದಿದರು. "ಮನಿ ಹಿರಿಯ. ನಾಗಮ್ಮ, ಹೆಂಡತಿ. ಯೋಹಾನ, ಮಗ, ಮೂರ ವರ್ಷ." ಬೆರಳು ಕೆಳಗೆ ಇಳಿಯಿತು. "ತಿಪ್ಪವ್ವ. ಬಹೆನ್. ತಂಗಿ. ಯಾಕೋಬ, ಮೂರ ವರ್ಷ. ಭಾಂಜಾ. ತಂಗಿ ಮಗ."

ಇನ್ನೊಂದು ಪದ ಉಳಿದಿತ್ತು, ತಿಪ್ಪವ್ವನ ಹೆಸರಿನ ಎದುರಿಗೆ. ಅದನ್ನು ಅವರು ನನಗಷ್ಟೇ ಕೇಳುವಂತೆ ಓದಿದರು. "ಬೇವಾ." ಗಂಡ ಸತ್ತವಳು.

ಆಕೆ ತವರಿನಲ್ಲಿ ಯಾಕೆ ಉಳಿದಳು, ಯಾಕೆ ಭಾಲ್ಕಿಗೆ ಹೋದಳು, ಎಲ್ಲ ಆ ಒಂದು ಪದದಲ್ಲಿತ್ತು. ಬಾಣಂತಿಯಾಗಿ ಬಂದವಳು ಗಂಡನ ಮನೆಗೆ ವಾಪಸು ಹೋಗಲೇ ಇಲ್ಲ. ಅಣ್ಣನ ಮನೆ ಎಷ್ಟು ದಿನ? ಮಗನನ್ನು ಕಟ್ಟಿಕೊಂಡು ದುಡಿಯಲು ಹೋದಳು. ಹೋದವಳಿಗೆ ಊರು ಎರಡನೆಯ ಹೆಂಡತಿ ಎನ್ನುವ ಹೆಸರು ಕೊಟ್ಟಿತು.

ಅಲ್ಲಿಂದ ಮುದುಕಿಯ ಮನೆಗೆ ಹೋದೆವು. ಹುಡುಗನ ತಂದೆಯೂ ಅಲ್ಲಿದ್ದರು. ಪಟವಾರಿಯ ಮೊಮ್ಮಗ ಯಾದಿಯನ್ನು ತಾನೇ ಹಿಡಿದುಕೊಂಡು ಬಂದಿದ್ದ. ಮಾಸ್ತರರು ಎರಡು ಸಲ ಓದಿ ಹೇಳಿದರು.

"ನಮ್ಮಪ್ಪಗ ತಂಗಿ ಇದ್ಲಾ?" ಎಂದಳು ಮುದುಕಿ. "ಅಂದ್ರ ನನಗ ಸೋದರತ್ತಿ. ಮನಿ ಮಗಳನ್ನ ಇಷ್ಟ ವರ್ಷ ಸವತಿ ಅಂದ್ವಲ್ಲೋ ನಾವು."

ಮಾಸ್ತರರು ಎಂದಿನ ಹಾಗೆ ಲೆಕ್ಕ ಬಿಡಿಸತೊಡಗಿದರು. "ಅಣ್ಣನ ಮಗ ಯೋಹಾನ, ತಂಗಿ ಮಗ ಯಾಕೋಬ. ಇವರು ಅಣ್ಣತಮ್ಮರಲ್ಲ, ಭಾವಂದಿರು. ಇವರ ಮೊಮ್ಮಕ್ಕಳಿಗಿ..."

"ನೀ ಸುಮ್ನಿರೋ ಮಾಸ್ತರ" ಎಂದಳು ಮುದುಕಿ. "ಅದು ನನಗ ಕಲಸ್ತಿಯೇನು? ಅಣ್ಣನ ಮನಿಗಿ ತಂಗಿ ಮನಿ ಹೆಣ್ಣ ತರೋದು ಅಂದ್ರ ಅದಕಿಂತ ಚಲೋ ಸಂಬಂಧ ಯಾವುದದ?"

ಆಮೇಲೆ ಒಳಗೆ ಹೋಗಿ ಹಸಿರು ಕುಬಸದ ಕಣ ತಂದು ನನ್ನ ಕೈಗಿಟ್ಟಳು. ಗಂಡ ಹೋದವಳಿಗೆ ಹಸಿರು ಕೊಡುತ್ತಿದ್ದಾಳಲ್ಲ ಎಂದು ನಾನು ಹಿಂಜರಿದೆ. "ನಿನಗಲ್ಲವ್ವ" ಎಂದಳು. "ತಿಪ್ಪವ್ವಂದು. ತವರಮನಿಂದ ಹೋಗಬೇಕಾದದ್ದು ಹೋಗಿಲ್ಲ. ನಿನ್ನ ಮಗಳಿಗಿ ಹೊಲಸಿ ತೊಡಸು."

ನಿಮ್ಮ ಅವ್ವನ ಮದುವೆಯ ಫೋಟೋದಲ್ಲಿ ಆಕೆ ಬಿಳಿ ಸೀರೆಗೆ ಹಸಿರು ಕುಬಸ ಯಾಕೆ ತೊಟ್ಟಿದ್ದಾಳೆ ಎಂದು ನೀವು ನಕ್ಕಿದ್ದಿರಲ್ಲ, ಅದು ಆ ಕುಬಸ.

ಮದುವೆಯ ದಿನ ಮತ್ತೆ ನನ್ನ ಪಾಳಿ ಬಂತು. ರಿಜಿಸ್ಟರಿನಲ್ಲಿ ವಧುವಿನ ತಂದೆಯ ಹೆಸರು ಬರೆಯಬೇಕು. ಮಾಸ್ತರರಿಗೆ ಅದು ಗೊತ್ತಿತ್ತು, ಅವರೇ ಬರೆದುಕೊಳ್ಳಬಹುದಿತ್ತು. ಸುತ್ತಲೂ ಬೀಗರು, ಎಕಂಬಾದ ಮುದುಕಿ. ಅವರು ನನ್ನ ಕಡೆ ನೋಡಿ, "ಹುಡುಗಿ ತಂದಿ ಹೆಸರ?" ಎಂದರು.

ಹೆಂಗಸರು ನಗತೊಡಗಿದರು. ನನ್ನ ಮದುವೆಯಲ್ಲೂ ಹೀಗೇ ಆಗಿತ್ತು. ಗಂಡನ ಹೆಸರು ಸೇರಿಸಿ ಒಡಪಿನ ಪದ ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಅಳುತ್ತ ನಿಂತಿದ್ದೆ. ನಿಮ್ಮ ಮುತ್ಯಾನೇ ಕೊನೆಗೆ, "ಬಿಡ್ರಿ ಆಕಿನ್ನ, ನನ್ನ ಹೆಸರ ನನಗ ಗೊತ್ತದ" ಎಂದು ಬಿಡಿಸಿದ್ದರು.

ಮಾಸ್ತರರು ನಗಲಿಲ್ಲ. ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಮುಂದೆ ಹಿಡಿದರು. "ಬಾಯಿಲೆ ಹೇಳಬ್ಯಾಡ್ರಿ. ಕೈಲೆ ಬರೀರಿ. ಕೈಗಿ ಯಾವ ನೇಮ ಇಲ್ಲ."

ನಾನು ಬರೆದೆ. ಒಂದು ಅಕ್ಷರ ಗೆರೆಯಿಂದ ಕೆಳಗೆ ಇಳಿದಿದೆ. ಈಗಲೂ ಹಾಗೇ ಇರಬೇಕು.

ಮದುವೆಯಾದ ಮೇಲೆ ಬೀದರದ ದೊಡ್ಡ ರಿಜಿಸ್ಟರಿನ ಆ ತಪ್ಪನ್ನು ಹೊಡೆದುಹಾಕಿರೆಂದು ಕೆಲವರು ಅಂದರು. ಮಾಸ್ತರರು ಒಪ್ಪಲಿಲ್ಲ. ಬರೆದದ್ದನ್ನು ಅಳಿಸಿದರೆ ಅಲ್ಲಿ ಏನಾಗಿತ್ತು ಎನ್ನುವುದೂ ಅಳಿಯುತ್ತದೆ ಎನ್ನುವುದು ಅವರ ವಾದ. ಪಾದ್ರಿಯವರ ಅಪ್ಪಣೆ ಪಡೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು: ಸಂಗಪ್ಪ ಇವರು ತಾಯಿಯ ಅಣ್ಣ. ತಂದೆಯ ಹೆಸರು ತಿಳಿದಿಲ್ಲ.

ಆ ಕೊನೆಯ ಮಾತು ಅವರನ್ನು ಬಿಡಲಿಲ್ಲ. ತಿಪ್ಪವ್ವನ ಗಂಡ ಯಾರು? ಯಾವ ಊರಿನವ? ಮಣ್ಣಿನ ರಿಜಿಸ್ಟರು ನೋಡಿದರು, ಮದುವೆಯದು ನೋಡಿದರು. ಔರಾದ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಕೆಂಪು ಗಂಟು ಇದೆ ಎಂದು ಕೇಳಿದರೂ ಛತ್ರಿ ಹಿಡಿದು ಹೊರಡುತ್ತಿದ್ದರು. ವರ್ಷಕ್ಕೊಮ್ಮೆ ಬೀದರಕ್ಕೆ ಬಂದು ನಿಮ್ಮನ್ನು ನೋಡಿ, ನನ್ನ ಕೈಯ ಚಹಾ ಕುಡಿದು, "ಸಿಗಲಿಲ್ರಿ" ಎಂದು ಹೇಳಿ ಹೋಗುತ್ತಿದ್ದರು. ದೊಡ್ಡವಳೇ, ನಿನ್ನ ಗದ್ದ ಹಿಡಿದು ಒಮ್ಮೆ, "ಈ ಗದ್ದ ಸಂಗಪ್ಪನ ಕಡೀದಲ್ಲ, ನಿಮ್ಮ ಆಯಿ ಕಡೀದೂ ಅಲ್ಲ ಅಂತಾರ ಎಲ್ಲಾರೂ. ತಿಪ್ಪವ್ವನ ಗಂಡಂದೇ ಇರಬೇಕು" ಎಂದಿದ್ದರು. ನೀನು ಅತ್ತಿದ್ದೆ.

ಅವರು ತೀರಿಕೊಂಡಾಗ ನಾನು ಭಾಲ್ಕಿಗೆ ಹೋದೆ. ಮಣ್ಣು ಮುಗಿದ ಮೇಲೆ ಹೊಸ ಕಾರ್ಯದರ್ಶಿ ರಿಜಿಸ್ಟರು ತೆರೆದು, "ಮಾಸ್ತರರ ತಂದಿ ಹೆಸರ?" ಎಂದು ಕೇಳಿದ. ಅಂಗಳದ ತುಂಬ ಜನ. ಎಲ್ಲರ ಮುತ್ಯಾಂದಿರ ಹೆಸರು ಬಲ್ಲವನ ತಂದೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಬ್ಬರು, ಗೊತ್ತಿಲ್ಲ ಎಂದು ಬರೆದುಬಿಡು ಎಂದರು. ನಾನು ಹೆಂಗಸರ ಹಿಂದೆ ಕುಳಿತಿದ್ದವಳು ಎದ್ದು ನಿಂತು ಆ ಹೆಸರು ಹೇಳಿದೆ, ತಾಯಿಯದೂ ಹೇಳಿದೆ. ಜನರ ನಡುವೆ ನಾನು ಎದ್ದು ಮಾತನಾಡಿದ್ದು ಅದೊಂದೇ ಸಲ. ಬರೆಯುವ ಹುಡುಗ ಬೇವಿನ ಎಲೆಯ ಪುಡಿಯನ್ನು ಊದಿ ಹಾರಿಸಲು ಹೊರಟಿದ್ದ. ಹಾರಿಸಬೇಡ, ಹಾಳೆಯೊಳಗೇ ಹಾಕು ಎಂದೂ ಹೇಳಿದೆ.

ಸಣ್ಣವಳೇ, ನೀನು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಮಾಸ್ತರರು ಕಲಿಸಿದಂತೆ, ಗೊತ್ತಿಲ್ಲದ್ದನ್ನು ಖಾಲಿ ಬಿಡುತ್ತೇನೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಎಂದಾದರೂ ಸಿಕ್ಕರೆ ತುಂಬಿರಿ, ಸಿಗದಿದ್ದರೆ ಯಾರದೋ ಹೆಸರು ತಂದು ಹಾಕಬೇಡಿರಿ.

ಎಕಂಬಾದ ಸಂಗಪ್ಪನ ತಂಗಿ ತಿಪ್ಪವ್ವ. ಆಕೆಯ ಗಂಡ ____________. ಅವರ ಮಗ ಯಾಕೋಬ. ಯಾಕೋಬನ ಮಗ, ನನ್ನ ಗಂಡ, ನಿಮ್ಮ ಮುತ್ಯಾ, ಪ್ರಭಾಕರ.

ಇದನ್ನು ಯಾರು ಹೇಳಿದರು ಎಂದು ಮುಂದೆ ಯಾರಾದರೂ ಕೇಳಿದರೆ, ಹೆಂಡತಿ ಹೇಳಿದಳು ಎಂದು ಹೇಳಿರಿ.